ನಿಘಂಟಿನ ತಂತ್ರಾಂಶಕ್ಕೆ ಚಾಲನಾ ಪರಿಸರದ ಆಯ್ಕೆ

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಆಡುಗನ್ನಡದ ಪದಗಳನ್ನು ಮರಾಠಿ ಅರ್ಥದೊಡನೆ ನೀಡುವ ನಿಘಂಟು ತಂತ್ರಾಂಶವೊಂದನ್ನು ವಿದ್ಯಾರ್ಥಿಗಳು ರಚಿಸಿದರೆ, ಬಿಲ್ಡ್‌ಪ್ಯಾಕ್ ಎಂಬ ಉಪಕರಣವು ಅದನ್ನು ಬೇಕಾದ ಸಾಮಗ್ರಿಯೊಡನೆ ಕಂಟೇನರ್ ಎಂಬ ಒಂದೇ ಗಂಟಾಗಿ ತಾನೇ ಕಟ್ಟಿಕೊಡುತ್ತದೆ. ಆದರೆ ಗಂಟು ಕಟ್ಟುವ ಪರಿಸರ ಬೇರೆ, ತಂತ್ರಾಂಶ ನಡೆಯುವ ಪರಿಸರ ಬೇರೆ. ಮೊದಲನೆಯದರಲ್ಲಿದ್ದುದೆಲ್ಲ ಎರಡನೆಯದಕ್ಕೆ ಬರುವುದಿಲ್ಲ.

ಚಾಲನಾ ಪರಿಸರ ಚಿಕ್ಕದಿದ್ದಷ್ಟೂ ಹಗುರ, ದಾಳಿಗೆ ಎಡೆಯೂ ಕಡಿಮೆ ಎಂಬುದು ರೂಢಿಯ ಸಲಹೆ. ನಿಘಂಟಿನ ಮಟ್ಟಿಗೆ ಅದು ಅರ್ಧಸತ್ಯ. ಯೂನಿಕೋಡಿನಲ್ಲಿ ಳಕಾರದ ಸಂಕೇತಸಂಖ್ಯೆ ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲೇ ಬರುತ್ತದೆ; ವರ್ಣಮಾಲೆಯಲ್ಲಿಯಾದರೋ ಅದರ ಸ್ಥಾನ ಹಕಾರದ ಅನಂತರ. ಕನ್ನಡ ಅಕಾರಾದಿಯ ನಿಯಮಗಳಿಲ್ಲದ ಪರಿಸರದಲ್ಲಿ ತಂತ್ರಾಂಶವು ಸಂಖ್ಯೆಯನ್ನೇ ನಂಬಿ ‘ಬಳೆ’ಯನ್ನು ‘ಬಸವ’ಕ್ಕಿಂತ ಮುಂದಿಡುತ್ತದೆ. ದೋಷಸೂಚನೆ ಮಾತ್ರ ಮೂಡದು. ವರ್ಣಮಾಲೆ ಬಲ್ಲವರ ಕಣ್ಣಿಗಷ್ಟೇ ಅದು ಬಿದ್ದೀತು.

ಫಾಂಟಿನ ಮಾತೂ ಹೀಗೆಯೇ. ಜಾಲಪುಟದ ಅಕ್ಷರಗಳನ್ನು ಸಾಮಾನ್ಯವಾಗಿ ಓದುಗರ ಮೊಬೈಲೇ ಮೂಡಿಸುತ್ತದೆ. ಪಿಡಿಎಫ್ ಪ್ರತಿಯನ್ನು ಕಂಟೇನರಿನೊಳಗೇ ಸಿದ್ಧಪಡಿಸುವುದಾದರೆ ಕನ್ನಡ, ದೇವನಾಗರಿ ಎರಡೂ ಫಾಂಟುಗಳು ಅಲ್ಲಿರಬೇಕು. ಇಲ್ಲವಾದರೆ ಪದಗಳ ಜಾಗದಲ್ಲಿ ಖಾಲಿ ಚೌಕಗಳು.

ಅಕಾರಾದಿಯ ನಿಯಮಗಳನ್ನೂ ಫಾಂಟುಗಳನ್ನೂ ತಂತ್ರಾಂಶದೊಡನೆಯೇ ಕಟ್ಟಿದರೆ ಚಿಕ್ಕ ಪರಿಸರ ಸಾಕಾದೀತು. ಅದಾಗದಿದ್ದರೆ ದೊಡ್ಡದನ್ನೇ ಆರಿಸುವುದು ಲೇಸು. ಪರೀಕ್ಷೆಯನ್ನು ಚಾಲನಾ ಪರಿಸರದಲ್ಲಿಯೇ ನಡೆಸಬೇಕು: ಬಳೆ, ಬಸವ, ಬವಣೆ ಎಂದು ಕೊಟ್ಟ ಪದಗಳು ಬವಣೆ, ಬಸವ, ಬಳೆ ಎಂದು ಹೊರಬರಬೇಕು.