ಮೊದಲು ಆರ್‌ಸಿ ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಹೋಬಳಿ ಕೇಂದ್ರ ಕರಜಗಿ. ಬೈಕ್ ಹತ್ತಿ ಊರು ಸುತ್ತುವವರಿಗೆ ಇಲ್ಲಿಂದ ದಾರಿಗಳಿಗೇನೂ ಕೊರತೆಯಿಲ್ಲ. ದೇವಲ ಗಾಣಗಾಪುರದ ದತ್ತ ಸನ್ನಿಧಿ ತಾಲ್ಲೂಕಿನೊಳಗೇ ಇದೆ. ಮಹಾರಾಷ್ಟ್ರದ ಗಡಿ ದಾಟಿದರೆ ಅಕ್ಕಲಕೋಟೆ, ಸೊಲ್ಲಾಪುರ, ಮುಂದೆ ಪಂಢರಪುರ. ನಾಲ್ಕು ದಿನ ರಜೆ ಸಿಕ್ಕರೆ ಹಂಪಿಯೋ ಗೋವೆಯೋ. ಹಾಗೆ ಹೊರಡಬೇಕೆನ್ನುವವರ ಕಣ್ಣು ಈಗ ಕೆಟಿಎಂ 390 ಡ್ಯೂಕ್, ಟ್ರಯಂಫ್ ಸ್ಪೀಡ್ 400ರಂಥ ಗಾಡಿಗಳ ಮೇಲೆ. ಎರಡೂ ತಯಾರಾಗುವುದು ಪುಣೆ ಬಳಿಯ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ.

ಇವು ‘ನೇಕೆಡ್’ ಬೈಕುಗಳು. ಮೈಮೇಲೆ ಫೇರಿಂಗ್ (ಹೊರಕವಚ) ಇಲ್ಲ, ಮುಂದೆ ಗಾಳಿ ತಡೆಯುವ ಗಾಜಿಲ್ಲ. ಸ್ಪೀಡ್ 400ರ ಎಂಜಿನ್ 398 ಸಿಸಿ, ಶಕ್ತಿ 40 ಪಿಎಸ್, ಟ್ಯಾಂಕ್ ಮಾತ್ರ 13 ಲೀಟರಿನದು. ಪೇಟೆಯಲ್ಲಿ ಹಗುರಾಗಿ ಓಡುವ ಇದೇ ಗಾಡಿ ಹೆದ್ದಾರಿಯಲ್ಲಿ ತಾಸುಗಟ್ಟಲೆ ಓಡಿದರೆ ಎದೆಗೆ ಗಾಳಿ ಬಡಿಯುತ್ತದೆ, ಸೊಂಟ ಹಿಡಿಯುತ್ತದೆ. ಬ್ಯಾಗ್ ಕಟ್ಟಲು ಜಾಗವೂ ಇಲ್ಲ. ಆಗ ಮಾಲೀಕ ಗ್ಯಾರೇಜಿಗೆ ಹೋಗುತ್ತಾನೆ: ವಿಂಡ್‌ಶೀಲ್ಡ್, ಪೆಟ್ಟಿಗೆ, ಹೆಚ್ಚುವರಿ ದೀಪ, ಎತ್ತರದ ಹ್ಯಾಂಡಲ್, ‘ಸೌಂಡ್ ಬರುವ’ ಸೈಲೆನ್ಸರ್. ಇವುಗಳಲ್ಲಿ ಯಾವುದಕ್ಕೆ ಕಾನೂನಿನ ತಕರಾರಿಲ್ಲ, ಯಾವುದು ದಂಡಕ್ಕೆ ದಾರಿ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿಯುವುದು ಒಳ್ಳೆಯದು.

ಸೆಕ್ಷನ್ 52 ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ಇಲ್ಲಿನ ಮೂಲ ಸೂತ್ರ. ತಯಾರಕರು ಮೊದಲು ನಮೂದಿಸಿದ ವಿವರಗಳಿಗೂ ನೋಂದಣಿ ಪ್ರಮಾಣಪತ್ರದಲ್ಲಿ (ಆರ್‌ಸಿ) ಇರುವ ವಿವರಗಳಿಗೂ ತಾಳೆಯಾಗದಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ಇಂಧನದ ಬಗೆ ಬದಲಿಸುವ ಅಂಗೀಕೃತ ಕಿಟ್‌ನಂಥ ಕೆಲವಕ್ಕೆ ಷರತ್ತಿನ ಮೇಲೆ ವಿನಾಯಿತಿ ಇದೆ. ಅಂಗವಿಕಲರು ಓಡಿಸಲು ಅನುವಾಗುವಂತೆ ಗಾಡಿಯನ್ನು ಮಾರ್ಪಡಿಸಿ ಆಮೇಲೆ ಪ್ರಾಧಿಕಾರದ ಒಪ್ಪಿಗೆ ಪಡೆಯಲೂ ಅವಕಾಶವಿದೆ.

ಕೇರಳದ ಪ್ರಕರಣವೊಂದರಲ್ಲಿ (ಆರ್‌ಟಿಒ ವಿರುದ್ಧ ಕೆ. ಜಯಚಂದ್ರ) ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ಸೆಕ್ಷನ್ನಿಗೆ ಗಟ್ಟಿ ಅರ್ಥ ಕೊಟ್ಟಿತು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ಕೇರಳ ಹೈಕೋರ್ಟಿನ ತೀರ್ಪನ್ನು ಬದಿಗಿರಿಸಿ, ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ ಎಂದಿತು. ರಾಜ್ಯದ ನಿಯಮಗಳು ಏನೇ ಹೇಳಿದರೂ ಅವು ಮೂಲ ಕಾಯ್ದೆಗೆ ಅಧೀನ ಎಂಬುದನ್ನೂ ಸ್ಪಷ್ಟಪಡಿಸಿತು.

ಅದೇ ವರ್ಷ ಸಂಸತ್ತು ಕಾಯ್ದೆಗೆ 182ಎ ಸೆಕ್ಷನ್ ಸೇರಿಸಿತು. ಅದರ ನಾಲ್ಕನೇ ಉಪಸೆಕ್ಷನ್ ಪ್ರಕಾರ ಕಾನೂನು ಒಪ್ಪದ ರೀತಿಯಲ್ಲಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ ಬದಲಾವಣೆಗೆ’ ಎಂಬುದನ್ನು ಗಮನಿಸಬೇಕು. ಒಂದೇ ಗಾಡಿಯಲ್ಲಿ ಮೂರು ಅಕ್ರಮ ಬದಲಾವಣೆಗಳಿದ್ದರೆ ಲೆಕ್ಕ 15,000ಕ್ಕೆ ಹೋಗುತ್ತದೆ.

ಹಾಗಾಗಿ ಮಾಲೀಕರು ಮೊದಲು ನೋಡಬೇಕಾದದ್ದು ಪರ್ಸಿನಲ್ಲಿರುವ ಆರ್‌ಸಿ ಕಾರ್ಡನ್ನು. ಅದರಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಮಾದರಿ, ಬಣ್ಣ, ಇಂಧನ, ಸಿಸಿ, ಗಾಲಿಗಳ ನಡುವಿನ ಅಂತರ, ಖಾಲಿ ತೂಕ, ಎಷ್ಟು ಜನ ಕೂರಬಹುದು ಎಂಬುದೆಲ್ಲ ಅಚ್ಚಾಗಿರುತ್ತದೆ. ಗ್ಯಾರೇಜಿನ ಕೆಲಸ ಮುಗಿದ ಮೇಲೆ ಈ ಸಾಲುಗಳಲ್ಲಿ ಒಂದಾದರೂ ಸುಳ್ಳಾಗುತ್ತದೆ ಎಂದಾದರೆ ಅದು ಸೆಕ್ಷನ್ 52ರ ವಿಷಯ. ಫ್ರೇಮ್ ಕತ್ತರಿಸಿ ವೆಲ್ಡ್ ಮಾಡುವುದು, ಬೇರೆ ಎಂಜಿನ್ ಕೂರಿಸುವುದು ಇದಕ್ಕೆ ನೇರ ಉದಾಹರಣೆ. ನೀಲಿ ಗಾಡಿಗೆ ಪೂರ್ತಿ ಕಪ್ಪು ಬಣ್ಣ ಬಳಿಸುವುದಿದ್ದರೂ ಆರ್‌ಟಿಒಗೆ ಹೋಗಲೇಬೇಕು, ಏಕೆಂದರೆ ಬಣ್ಣ ಆರ್‌ಸಿಯಲ್ಲಿದೆ.

ಆರ್‌ಸಿಯಲ್ಲಿ ಇಲ್ಲದ್ದೆಲ್ಲ ಮುಕ್ತ ಎಂದಲ್ಲ. ಸದ್ದು, ಹೊಗೆ, ದೀಪ, ನಂಬರ್ ಪ್ಲೇಟಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಬೇರೆ ಬೇರೆ ಕಟ್ಟಳೆಗಳಿವೆ.

ಪೆಟ್ಟಿಗೆ, ಕ್ಯಾರಿಯರ್, ನಂಬರ್ ಪ್ಲೇಟ್

ದೂರದ ಸವಾರಿಗೆ ಬೇಕಾದ ಪೆಟ್ಟಿಗೆಗೆ ಕಾನೂನಿನಲ್ಲೇ ಜಾಗವಿದೆ. 2020ರಲ್ಲಿ ತಿದ್ದುಪಡಿಯಾದ ನಿಯಮ 123ರ ಪ್ರಕಾರ ಹಗುರ ಪೆಟ್ಟಿಗೆಯ ಉದ್ದ 550 ಮಿ.ಮೀ., ಅಗಲ 510 ಮಿ.ಮೀ., ಎತ್ತರ 500 ಮಿ.ಮೀ. ಮೀರಬಾರದು. ಹಿಂಬದಿ ಸವಾರ ಕೂರುವ ಜಾಗದಲ್ಲೇ ಪೆಟ್ಟಿಗೆ ಕೂರಿಸಿದರೆ ಗಾಡಿಯಲ್ಲಿ ಚಾಲಕ ಒಬ್ಬನೇ ಇರಬೇಕು. ಆ ಜಾಗ ಖಾಲಿ ಬಿಟ್ಟು ಅದರ ಹಿಂದೆ ಕೂರಿಸಿದರೆ ಇಬ್ಬರು ಹೋಗಬಹುದು.

ಇದೇ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಪಕ್ಕಕ್ಕೆ ಮರೆ ಇರಬೇಕೆನ್ನುತ್ತದೆ. ‘ಲುಕ್’ಗಾಗಿ ಸೀರೆ ಗಾರ್ಡ್ ಬಿಚ್ಚಿಸುವವರು, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ‘ಟೇಲ್ ಟೈಡಿ’ ಹಾಕಿಸುವವರು ಎಡವುವುದು ಇಲ್ಲಿಯೇ. ಮಡ್‌ಗಾರ್ಡ್ ಹೋದರೆ ನಂಬರ್ ಪ್ಲೇಟೂ ಸೀಟಿನ ಅಡಿಗೆ ಓರೆಯಾಗಿ ಸರಿಯುತ್ತದೆ. ಬೈಕಿನ ಹಿಂದಿನ ಪ್ಲೇಟ್ 200×100 ಮಿ.ಮೀ. ಅಳತೆಯದ್ದಾಗಿ, ಅಕ್ಷರ 35 ಮಿ.ಮೀ., ಅಂಕಿ 40 ಮಿ.ಮೀ. ಎತ್ತರವಿದ್ದು, ಹಿಂದಿನಿಂದ ಸ್ಪಷ್ಟವಾಗಿ ಕಾಣಬೇಕು. ಪಕ್ಕದ ಬ್ಯಾಗುಗಳನ್ನು ತುಂಬಿ ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಸಾಕು: ಕೆಎ 32ರ ಪೂರ್ತಿ ಸಂಖ್ಯೆ, ಎರಡೂ ಇಂಡಿಕೇಟರ್, ಬ್ರೇಕ್ ದೀಪ ಕಾಣುತ್ತಿವೆಯೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಕಬ್ಬಿನ ಹಂಗಾಮು ಮತ್ತು ದೀಪ

ಅಫಜಲಪುರ ಕಬ್ಬಿನ ಸೀಮೆ, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ. ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಇಲ್ಲಿನ ಸವಾರರಿಗೆ ಹೆಚ್ಚು ಬೆಳಕು ಬೇಕೆನ್ನಿಸುವುದು ಶೋಕಿಗಲ್ಲ.

ಆದರೆ ನಿಯಮ 111ರ ಪ್ರಕಾರ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವಂತಿಲ್ಲ. ಎದುರಿನವರ ಕಣ್ಣು ಕುಕ್ಕುವ ದೀಪಕ್ಕೂ ತಡೆಯಿದೆ, ಮುಂದಕ್ಕೆ ಕೆಂಪು ಬೆಳಕು ಬೀರಲೂಬಾರದು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಸುರಕ್ಷಿತ ದಾರಿಯೆಂದರೆ ಆ ಮಾದರಿಗೆ ಕಂಪನಿಯೇ ಮಾರುವ ಫಾಗ್ ಲ್ಯಾಂಪ್ ಇದ್ದರೆ ಅದನ್ನು ಬಿಲ್ ಸಮೇತ ಖರೀದಿಸಿ, ಬೆಳಕು ರಸ್ತೆಗೆ ಬೀಳುವಂತೆ ಕೆಳಮುಖವಾಗಿ ಕೂರಿಸುವುದು. ವಿಂಡ್‌ಶೀಲ್ಡ್, ಎಂಜಿನ್ ಗಾರ್ಡ್, ಆರಾಮದ ಸೀಟಿಗೂ ಇದೇ ಮಾತು. ಕಂಪನಿಯ ಅಕ್ಸೆಸರಿಯ ಬಿಲ್ ವಾರಂಟಿ ತಕರಾರಿನಲ್ಲೂ ವಿಮೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಹ್ಯಾಂಡಲ್ ಮೇಲಿನ ಮೊಬೈಲ್ ಸ್ಟ್ಯಾಂಡ್ ಬಗ್ಗೆ ಅಂಜಬೇಕಿಲ್ಲ. 2020ರ ತಿದ್ದುಪಡಿಯ ಪ್ರಕಾರ ದಾರಿ ನೋಡಲು ಮಾತ್ರ, ಚಾಲನೆಯ ಗಮನ ಕೆಡದ ಹಾಗೆ, ಫೋನ್ ಬಳಸಬಹುದು.

ಸೈಲೆನ್ಸರ್: ಹೆಚ್ಚು ಜನ ಸಿಕ್ಕಿಬೀಳುವ ಜಾಗ

ಶಿವಮೊಗ್ಗ, ಉಡುಪಿ ಕಡೆ ಪೊಲೀಸರು ಬಿಚ್ಚಿಸಿದ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ರಸ್ತೆಯ ಮೇಲಿಟ್ಟು ರೋಡ್ ರೋಲರ್ ಹತ್ತಿಸಿದ ದೃಶ್ಯವನ್ನು ಹಲವರು ನೋಡಿರಬಹುದು. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾದ ಸದ್ದಿನ ಮಿತಿ 80 ಡೆಸಿಬಲ್. ಆ ಮಿತಿಯೊಳಗೆ ಪಾಸಾದ ಗಾಡಿಯ ಸೈಲೆನ್ಸರ್ ಬಿಚ್ಚಿ, ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದರೆ ಸದ್ದು, ಹೊಗೆ ಎರಡೂ ನಿಯಮ ಮುರಿದಂತೆ. ಸೆಕ್ಷನ್ 190(2)ರಡಿ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಲಾರಿ ಹಾರ್ನ್, ಹಲವು ಸ್ವರದ ಹಾರ್ನ್‌ಗಳನ್ನು ನಿಯಮ 119 ಒಪ್ಪುವುದಿಲ್ಲ.

‘ಮಹಾರಾಷ್ಟ್ರದಲ್ಲಿ ಹಾಕಿಸಿದ್ದು, ಅಲ್ಲಿ ನಡೆಯುತ್ತದೆ’ ಎಂಬ ವಾದ ನಿಲ್ಲುವುದಿಲ್ಲ. ಇದು ಕೇಂದ್ರದ ಕಾಯ್ದೆ, ಅಕ್ಕಲಕೋಟೆಗೂ ಅಫಜಲಪುರಕ್ಕೂ ಒಂದೇ.

ಅನುಮತಿ ಪಡೆಯುವುದು ಹೇಗೆ?

ಆರ್‌ಸಿಯ ವಿವರ ಬದಲಾಗುವ, ಆದರೆ ಕಾನೂನು ಒಪ್ಪುವ ಕೆಲಸವಿದ್ದರೆ ಗಾಡಿ ಗ್ಯಾರೇಜಿಗೆ ಬಿಡುವ ಮೊದಲೇ ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಹಾಕಬೇಕು. ಕೇಂದ್ರ ಸಾರಿಗೆ ಇಲಾಖೆಯ ‘ಪರಿವಾಹನ್’ ಜಾಲತಾಣದಲ್ಲೂ ಮಾರ್ಪಾಡಿನ ಅರ್ಜಿಗೆ ಅವಕಾಶವಿದೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಜೊತೆಗಿರಲಿ. ಸಾಲದ ಗಾಡಿಯಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. ಒಪ್ಪಿಗೆ ಪಡೆಯದೆ ಬದಲಾವಣೆ ಆಗಿಬಿಟ್ಟಿದ್ದರೆ 14 ದಿನಗಳೊಳಗೆ ಪ್ರಾಧಿಕಾರಕ್ಕೆ ವರದಿ ಮಾಡುವುದು ಮಾಲೀಕನ ಹೊಣೆ. ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಸೇವೆ ಕಾಲಮಿತಿಯ ‘ಸಕಾಲ’ ಯೋಜನೆಯ ವ್ಯಾಪ್ತಿಯದ್ದಾದರೆ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು.

ರಸ್ತೆಯಲ್ಲಿ ತಡೆದಾಗ

ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಆರ್‌ಸಿ, ಡಿಎಲ್ ತೋರಿಸಿದರೆ ಸಾಕು. 2018ರ ತಿದ್ದುಪಡಿ ಅವಕ್ಕೆ ಮೂಲ ದಾಖಲೆಯ ಬೆಲೆ ಕೊಟ್ಟಿದೆ. ದಂಡ ಹಾಕಿದರೆ ಯಾವ ಸೆಕ್ಷನ್ ಎಂದು ಕೇಳಬೇಕು, ರಸೀದಿ ಅಥವಾ ಇ–ಚಲನ್ ಇಲ್ಲದೆ ಹಣ ಕೊಡಬಾರದು. ತಪ್ಪೊಪ್ಪಿಕೊಳ್ಳದವರು ಅಲ್ಲಿ ವಾದಕ್ಕಿಳಿಯದೆ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯಬಹುದು. ದಾಖಲೆ ವಶಕ್ಕೆ ಪಡೆದರೆ ಅಧಿಕಾರಿ ಸ್ವೀಕೃತಿ ಪತ್ರ ಕೊಡಬೇಕು.

ಗಾಡಿಯನ್ನೇ ತಡೆದಿಡುವ ಅಧಿಕಾರವನ್ನು ಸೆಕ್ಷನ್ 207 ಕೊಡುತ್ತದೆ. ಅದು ಹೆಸರಿಸುವುದು ಪರವಾನಗಿಯಿಲ್ಲದ ಚಾಲನೆ, ವಯಸ್ಸಾಗದವರ ಚಾಲನೆ, ನೋಂದಣಿಯಿಲ್ಲದ ಗಾಡಿ, ಪರ್ಮಿಟ್ ಉಲ್ಲಂಘನೆಗಳನ್ನು. ಮಾರ್ಪಾಡಿಗೆ ಸಂಬಂಧಿಸಿದ ದೊಡ್ಡ ಅಪಾಯ ಸೆಕ್ಷನ್ 53ರದ್ದು: ಗಾಡಿ ಸಾರ್ವಜನಿಕರಿಗೆ ಅಪಾಯಕಾರಿ ಅಥವಾ ಕಾಯ್ದೆಗೆ ವಿರುದ್ಧವಾಗಿದೆ ಎನಿಸಿದರೆ ನೋಂದಣಿಯನ್ನೇ ಅಮಾನತಿನಲ್ಲಿಡಬಹುದು. 2021ರ ಆಗಸ್ಟ್‌ನಲ್ಲಿ ಕೇರಳದ ಕಣ್ಣೂರಿನಲ್ಲಿ ಇಬ್ಬರು ಪ್ರವಾಸಿ ವ್ಲಾಗರ್‌ಗಳ ಮಾರ್ಪಡಿಸಿದ ವ್ಯಾನನ್ನು ಅಧಿಕಾರಿಗಳು ವಶಕ್ಕೆ ಪಡೆದಿದ್ದರು, ಬಳಿಕ ಅದರ ನೋಂದಣಿ ಅಮಾನತಾಯಿತು. ಆದರೆ ಅಮಾನತಿಗೆ ಮುನ್ನ ಮಾಲೀಕನಿಗೆ ನೋಟಿಸ್ ಕೊಟ್ಟು ಅಹವಾಲು ಹೇಳಲು ಅವಕಾಶ ನೀಡಬೇಕು, ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಸೆಕ್ಷನ್ 57ರಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ವಿಮೆ ಮತ್ತು ಗ್ಯಾರೇಜಿನ ತಕರಾರು

ಅಕ್ಸೆಸರಿ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ನಮೂದು ಮಾಡಿಸಬೇಕು. ಇಲ್ಲದಿದ್ದರೆ ಅಪಘಾತದ ನಂತರ ಸರ್ವೇಯರ್ ಎತ್ತುವ ಮೊದಲ ಆಕ್ಷೇಪ ಅದೇ ಆಗುತ್ತದೆ. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

‘ಲೀಗಲ್ ಇದೆ’ ಎಂದು ನಂಬಿಸಿ ಅಕ್ರಮ ಸೈಲೆನ್ಸರ್ ಮಾರಿದ, ವೈರಿಂಗ್ ಸುಟ್ಟ ಗ್ಯಾರೇಜಿನ ವಿರುದ್ಧ ಕಲಬುರಗಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಬಿಲ್ ಇಲ್ಲದೆ ನಗದು ಕೊಟ್ಟವರಿಗೆ ಇಲ್ಲಿ ಸಾಬೀತು ಮಾಡುವುದು ಕಷ್ಟ. ಹಳೆಯ ಭಾಗಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರದೆ ಮನೆಗೆ ತರಬೇಕು. ಗಾಡಿಯನ್ನು ಮೂಲ ಸ್ಥಿತಿಗೆ ತರಲು ಸೂಚನೆ ಬಂದಾಗ ಅವು ಬೇಕಾಗುತ್ತವೆ.

ಚಲನ್, ಅಮಾನತು, ಗ್ರಾಹಕ ದೂರು, ಯಾವುದೇ ಇರಲಿ, ಸಲಹೆಗೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಸೇರಿದಂತೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅರ್ಹರಾದವರಿಗೆ ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಕೀಲರ ನೆರವೂ ಉಚಿತವಾಗಿ ಸಿಗುತ್ತದೆ.