ನೀಲಿ ಗಿಳಿ

ಸಾಹಸದ ಚಲನಚಿತ್ರಗಳಲ್ಲಿ ಹಕ್ಕಿಗಳಿಗೆ ಸಾಮಾನ್ಯವಾಗಿ ದೊರೆಯುವುದು ಚಿಕ್ಕ ಪಾತ್ರ. ಕಡಲುಗಳ್ಳನ ಹೆಗಲ ಮೇಲೆ ಕುಳಿತು ಅವನ ಮಾತನ್ನೇ ಒಪ್ಪಿಸುವ ಗಿಳಿಯಾಗಿಯೋ, ದಟ್ಟಡವಿಯ ಕೊಂಬೆಯಿಂದ ಕೊಂಬೆಗೆ ಹಾರಿ ಮರೆಯಾಗುವ ಬಣ್ಣದ ಹಕ್ಕಿಯಾಗಿಯೋ ಅವು ಬಂದುಹೋಗುತ್ತವೆ. 2011ರಲ್ಲಿ ತೆರೆಕಂಡ ‘ರಿಯೊ’ ಎಂಬ ಅನಿಮೇಷನ್ ಚಿತ್ರ ಹಾಗಲ್ಲ. ಅಲ್ಲಿ ಅಪೂರ್ವವಾದ ಹಕ್ಕಿಯೇ ಕಥಾನಾಯಕ. ಅದರ ನಿರ್ದೇಶಕರು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿಯೇ ಹುಟ್ಟಿದ ಕಾರ್ಲೊಸ್ ಸಲ್ಡಾನ.

ಕಥೆ ಸರಳವಾದುದು. ಹಾರಲು ಕಲಿಯುವ ಮೊದಲೇ ಕಳ್ಳರ ಕೈಗೆ ಸಿಕ್ಕ ನೀಲಿ ಮಕಾವ್ ಮರಿಯೊಂದು ಹಿಮ ಸುರಿಯುವ ಅಮೆರಿಕದ ಊರೊಂದನ್ನು ಸೇರುತ್ತದೆ. ಅಲ್ಲಿ ಲಿಂಡಾ ಎಂಬ ಹುಡುಗಿಯ ಅಕ್ಕರೆಯಲ್ಲಿ ಬೆಳೆದು ‘ಬ್ಲೂ’ ಎನಿಸಿಕೊಳ್ಳುತ್ತದೆ. ಅದಕ್ಕೆ ಎಲ್ಲ ಸುಖವೂ ಉಂಟು. ಹಾರಲು ಮಾತ್ರ ಬಾರದು. ಅದರ ಕುಲದ ಕಡೆಯ ಗಂಡು ಅದೇ ಎಂದು ತಿಳಿದ ಪಕ್ಷಿವಿಜ್ಞಾನಿಯೊಬ್ಬನು ಅದನ್ನು ರಿಯೊ ನಗರಕ್ಕೆ ಕರೆಸುತ್ತಾನೆ. ಅಲ್ಲಿ ಕಾಡಿನಲ್ಲಿ ಬೆಳೆದ ಜ್ಯುವೆಲ್ ಎಂಬ ಹೆಣ್ಣು ಹಕ್ಕಿಯೊಡನೆ ಅದು ಮತ್ತೆ ಕಳ್ಳಸಾಗಣೆದಾರರ ಪಾಲಾಗುತ್ತದೆ. ಎರಡರ ಕಾಲಿಗೂ ಒಂದೇ ಸರಪಳಿ! ಒಂದು ಹಾರಬಲ್ಲುದು, ಇನ್ನೊಂದು ಹಾರಲಾರದು. ಚಿತ್ರದ ಹಾಸ್ಯವೂ ಸಂಕಟವೂ ಹುಟ್ಟುವುದು ಈ ಸರಪಳಿಯಿಂದಲೇ. ನಡುವೆ ಬರುವ ಕುಣಿತ ಹಾಡುಗಳು ನನ್ನಂಥ ಹಳಬರಿಗೆ ಕೊಂಚ ಹೆಚ್ಚೆನಿಸಬಹುದು. ಆದರೆ ಕೊನೆಯಲ್ಲಿ, ರೆಕ್ಕೆಗೆ ಪೆಟ್ಟಾಗಿ ವಿಮಾನದಿಂದ ಬೀಳುತ್ತಿರುವ ಜ್ಯುವೆಲ್‌ಳ ಹಿಂದೆ ಬ್ಲೂ ತಾನೂ ಧುಮುಕಿ, ಬೀಳುತ್ತ ಬೀಳುತ್ತಲೇ ರೆಕ್ಕೆ ಬಿಚ್ಚುವ ಗಳಿಗೆಯಲ್ಲಿ ಮಕ್ಕಳೇನು, ಮುದುಕರೂ ಉಸಿರು ಬಿಗಿಹಿಡಿಯುತ್ತಾರೆ.

ಈ ಚಿತ್ರವನ್ನು ಜೊತೆಯಲ್ಲಿ ಕುಳಿತು ನೋಡಿದ ನನ್ನ ಮೊಮ್ಮಗಳು, “ಅಜ್ಜಾ, ಆ ಹಕ್ಕಿ ನಿಜವಾಗಿಯೂ ಇದೆಯೇ?” ಎಂದು ಕೇಳಿದಳು. “ಇದೆ” ಎಂದು ಥಟ್ಟನೆ ಹೇಳಿಬಿಟ್ಟೆ. ಆ ಉತ್ತರ ಅಷ್ಟು ಸುಲಭದ್ದಲ್ಲವೆಂದು ಆಮೇಲೆ ಓದಿ ತಿಳಿದೆ.

ಆ ಹಕ್ಕಿಯ ಹೆಸರು ಸ್ಪಿಕ್ಸನ ಮಕಾವ್. ಜರ್ಮನಿಯ ನಿಸರ್ಗವಿಜ್ಞಾನಿ ಸ್ಪಿಕ್ಸನು 1819ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ, ಸಾವೊ ಫ್ರಾನ್ಸಿಸ್ಕೊ ನದಿಯ ಸಮೀಪದಲ್ಲಿ, ಅದರ ಮಾದರಿಯೊಂದನ್ನು ಸಂಗ್ರಹಿಸಿದನು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 55 ಸೆಂಟಿಮೀಟರು ಉದ್ದ. ಮೈ ನೀಲಿ, ತಲೆ ಬೂದು ಬೆರೆತ ತಿಳಿನೀಲಿ. ಚಿತ್ರದಲ್ಲಿ ಅದರ ತವರು ರಿಯೊ ನಗರದ ಹಚ್ಚಹಸಿರು ಕಾಡು. ವಾಸ್ತವವಾಗಿ ಅದು ಬಾಳಿದ ಬಾಹಿಯಾ ಪ್ರಾಂತ್ಯದ ಕುರಾಸಾ ಅಲ್ಲಿಂದ 1500 ಕಿಲೋಮೀಟರಿಗೂ ದೂರದಲ್ಲಿದೆ. ಮಳೆ ಅಪರೂಪವಾದ, ಮುಳ್ಳುಗಿಡ ಪಾಪಾಸುಕಳ್ಳಿಗಳ ಕುರುಚಲು ಸೀಮೆ ಅದು. ಅಲ್ಲಿಯ ಹಳ್ಳಗಳ ದಡದಲ್ಲಿ ಬೆಳೆಯುವ ಕರೈಬೇರ ಎಂಬ ಹಳೆಯ ಮರಗಳ ಪೊಟರೆಗಳಲ್ಲಿ ಈ ಹಕ್ಕಿ ಗೂಡು ಮಾಡುತ್ತಿತ್ತು. ಆ ಮರ ನಮಗೆ ಅಪರಿಚಿತವಲ್ಲ. ಬೇಸಿಗೆಯ ಹೊಸ್ತಿಲಲ್ಲಿ ಎಲೆ ಕಳೆದುಕೊಂಡು ಮೈತುಂಬ ಹಳದಿ ಹೂ ಹೊತ್ತು ಬೆಂಗಳೂರಿನ ಬೀದಿಗಳಲ್ಲಿ ನಿಲ್ಲುವ ಟಬೆಬುಯ ಮರವೇ ಅದು. ಮರ ಸಾಗರ ದಾಟಿ ಬಂದು ಇಲ್ಲಿ ಸೊಂಪಾಗಿ ಬೆಳೆಯಿತು. ತವರಿನಲ್ಲಿ ಅದರ ಎಳೆಯ ಸಸಿಗಳನ್ನು ಆಡುಕುರಿಗಳು ಮೇಯ್ದವು, ಹಕ್ಕಿಗೆ ನೆಲೆ ತಪ್ಪಿತು.

ನೆಲೆ ತಪ್ಪಿದ್ದಕ್ಕಿಂತಲೂ ಘೋರವಾದುದು ಅದರ ಬೆಲೆ. ಹಕ್ಕಿಗಳು ಕಡಿಮೆಯಾದಷ್ಟೂ ಸಂಗ್ರಹಕಾರರ ಆಸೆ ಹೆಚ್ಚಿತು; ಆಸೆ ಹೆಚ್ಚಿದಷ್ಟೂ ಹಕ್ಕಿಗಳು ಇನ್ನೂ ಕಡಿಮೆಯಾದವು. ಹಣಕ್ಕಾಗಿ ಹಕ್ಕಿ ಕದಿಯುವ ಫೆರ್ನಾಂಡೊ ಎಂಬ ಅನಾಥ ಬಾಲಕನನ್ನು ಚಿತ್ರ ಮರುಕದಿಂದ ತೋರಿಸುತ್ತದೆ. ಆದರೆ ಕಳ್ಳರಿಗೆ ಹಣ ಕೊಟ್ಟು ಕೊಳ್ಳುವ ಸಿರಿವಂತನ ಮುಖ ತೆರೆಯ ಮೇಲೆ ಬರುವುದೇ ಇಲ್ಲ. ಇದು ಆ ಚಿತ್ರದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

1990ರಲ್ಲಿ ಶೋಧಕರು ಅಲೆದು ಹುಡುಕಿದಾಗ ಕುರಾಸಾದ ಬಳಿ ಕಂಡದ್ದು ಒಂದೇ ಒಂದು ಗಂಡು ಹಕ್ಕಿ. ತನ್ನ ಕುಲದ ಸಂಗಾತಿ ಸಿಗದೆ ಅದು ಬೇರೆ ಜಾತಿಯ ಮಕಾವ್ ಹೆಣ್ಣಿನೊಡನೆ ಜೋಡಿಯಾಗಿ ಬಾಳುತ್ತಿತ್ತು. 1995ರಲ್ಲಿ ಪಂಜರದಲ್ಲಿದ್ದ ಸ್ವಜಾತಿಯ ಹೆಣ್ಣೊಂದನ್ನು ಅಲ್ಲಿ ಬಿಟ್ಟರು. ಕೆಲವು ವಾರಗಳಲ್ಲಿಯೇ ಅದು ಕಾಣದಾಯಿತು. ವಿದ್ಯುತ್ ತಂತಿಗೆ ಬಡಿದು ಸತ್ತಿತೆಂದು ಆಮೇಲೆ ತಿಳಿಯಿತು. ಆ ಒಂಟಿ ಗಂಡು 2000ದ ಅಕ್ಟೋಬರಿನ ಬಳಿಕ ಯಾರ ಕಣ್ಣಿಗೂ ಬೀಳಲಿಲ್ಲ. ಎಂದರೆ, ನಾವು ‘ರಿಯೊ’ ನೋಡಿ ನಗುವ ವೇಳೆಗೆ ಕಾಡಿನಲ್ಲಿ ಆ ಹಕ್ಕಿ ಇಲ್ಲವಾಗಿ ದಶಕವೇ ಕಳೆದಿತ್ತು. ಉಳಿದಿದ್ದವು ಪಂಜರಗಳಲ್ಲಿ, ನೂರಕ್ಕೂ ಕಡಿಮೆ.

ಅವುಗಳ ಸಂತತಿಯನ್ನು ಬಹು ಎಚ್ಚರಿಕೆಯಿಂದ ಬೆಳೆಸಿ, 2020ರಲ್ಲಿ 52 ಹಕ್ಕಿಗಳನ್ನು ಜರ್ಮನಿಯಿಂದ ಕುರಾಸಾಕ್ಕೆ ತಂದರು. ಆಗ ಎದುರಾದ ಪ್ರಶ್ನೆ ಬ್ಲೂ ಎದುರಿಸಿದ ಪ್ರಶ್ನೆಯೇ. ಆಕಾಶವನ್ನೇ ಕಾಣದೆ ಬೆಳೆದ ಹಕ್ಕಿ ಕಾಯಿ ಹುಡುಕುವುದನ್ನು, ಗಿಡುಗನಿಗೆ ಅಂಜುವುದನ್ನು ಯಾರಿಂದ ಕಲಿಯಬೇಕು? ಮನುಷ್ಯರು ಕಲಿಸಲಾರರು. ಆದಕಾರಣ 2022ರ ಜೂನ್‌ನಲ್ಲಿ ಎಂಟು ನೀಲಿ ಮಕಾವ್‌ಗಳನ್ನು ಹೊರಬಿಟ್ಟಾಗ ಅವುಗಳೊಡನೆ ಕಾಡನ್ನು ಬಲ್ಲ ಬೇರೆ ಜಾತಿಯ ಮಕಾವ್‌ಗಳನ್ನೂ ಬಿಟ್ಟರು. ಆ ಒಂಟಿ ಗಂಡು ಜೊತೆಗೂಡಿದ್ದ ಜಾತಿಯೇ ಅದು! ಶಿಷ್ಯರು ಗುರುಗಳ ಹಿಂದೆ ಹಾರಿದರು. ಡಿಸೆಂಬರಿನಲ್ಲಿ ಇನ್ನೂ ಹನ್ನೆರಡು ಹಕ್ಕಿಗಳು ಹೊರಬಂದವು. ಮರುವರ್ಷ ಬಯಲಿನ ಗೂಡಿನಲ್ಲಿ ಮರಿಗಳೂ ಒಡೆದವು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚಿತ್ರದಂತೆಯೇ ಸುಖಾಂತವಾಗುತ್ತಿತ್ತು. 2025ರಲ್ಲಿ ಗಿಳಿಗಳ ಗರಿ ಉದುರಿಸಿ ಕೊಕ್ಕು ಕೆಡಿಸುವ ವೈರಾಣು ಆ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಮದ್ದಿಲ್ಲ. ನವೆಂಬರಿನಲ್ಲಿ ಕಾಡಿನಲ್ಲಿ ಉಳಿದಿದ್ದ ಹನ್ನೊಂದು ಹಕ್ಕಿಗಳನ್ನೂ ಹಿಡಿದು ಒಳಗೆ ತಂದರು. ಪರೀಕ್ಷೆಯಲ್ಲಿ ಹನ್ನೊಂದಕ್ಕೂ ಸೋಂಕು ತಗಲಿತ್ತು.

ಈ ಸುದ್ದಿಯನ್ನು ಮೊಮ್ಮಗಳಿಗೆ ನಾನೇ ಓದಿ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಅವಕ್ಕೆ ಹಾರುವುದನ್ನು ಕಲಿಸಿದ ಹಕ್ಕಿಗಳು?” ಎಂದು ಕೇಳಿದಳು.