ನಮ್ಮೂರಿಗೊಂದು ಅಂಗನವಾಡಿ: ಅರ್ಜಿ ಹಾಕುವ ಬಗೆ, ಶುಲ್ಕದ ವಿಚಾರ



ಮುಂಗಾರು ಹಿಡಿಯಿತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡುವೆಂಬುದಿಲ್ಲ. ಹಾಸನದ ಆಲೂಗೆಡ್ಡೆ ಹೊಲ, ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಗದ್ದೆ ನಾಟಿ, ಚನ್ನರಾಯಪಟ್ಟಣದ ರಾಗಿ ಹೊಲದ ಕಳೆ, ಎಲ್ಲಕ್ಕೂ ಅವರ ಕೈಯೇ ಬೇಕು. ಆಗ ಕೈಗೂಸಿನ ಗತಿಯೇನು? ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟುತ್ತೇವೆ. ನಡೆಯುವ ಮಗುವನ್ನು ಎಂಟು ವರ್ಷದ ಅಕ್ಕನಿಗೆ ಒಪ್ಪಿಸುತ್ತೇವೆ. ಅಕ್ಕನಿಗೆ ಶಾಲೆ ತಪ್ಪುತ್ತದೆ. ಪಕ್ಕದಲ್ಲೇ ಕಾಲುವೆಯೋ ಕೃಷಿಹೊಂಡವೋ ಇರುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ ಮಗು ತಾನಾಗಿ ಮೇಲೆ ಬರಲಾರದು. ಕರುವಿಗೆ ಕೊಟ್ಟಿಗೆ ಕಟ್ಟುವ ನಾವು ಮಗುವಿಗೆ ಒಂದು ನೆಲೆ ಮಾಡಬೇಡವೆ?

ಇದು ಬೇಡುವ ಮಾತಲ್ಲ, ಕೇಳುವ ಹಕ್ಕು

ಅಂಗನವಾಡಿ ಯೋಜನೆಯು 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಹಳ್ಳಿಗಾಡಿನಲ್ಲಿ 400ರಿಂದ 800 ಜನರಿಗೆ ಒಂದು ಅಂಗನವಾಡಿ, 150ರಿಂದ 400 ಜನರಿರುವ ಕಡೆ ಒಂದು ಕಿರು ಅಂಗನವಾಡಿ ಎಂಬ ಅಳತೆಯನ್ನು ಯೋಜನೆಯಲ್ಲಿ ಇಡಲಾಯಿತು.

ಆದರೂ ತೋಟದ ಮನೆಗಳು, ಪಾಳ್ಯಗಳು, ದೂರದ ಕೇರಿಗಳು ಹೊರಗುಳಿದವು. ಸರ್ವೋಚ್ಚ ನ್ಯಾಯಾಲಯವು 2006ನೆಯ ಡಿಸೆಂಬರ್ 13ರಂದು ಒಂದು ಆದೇಶವನ್ನು ಕೊಟ್ಟಿತು. ಆರು ವರ್ಷದೊಳಗಿನ 40 ಮಕ್ಕಳಾದರೂ ಇದ್ದು ಅಂಗನವಾಡಿ ಇಲ್ಲದ ಜನವಸತಿಯವರು ಕೇಳಿದರೆ, ಕೇಳಿದ ದಿನದಿಂದ ಮೂರು ತಿಂಗಳೊಳಗೆ ಅದನ್ನು ಕೊಡಬೇಕು ಎಂಬುದೇ ಅದರ ಸಾರ. ಕೇಳುವ ಕೆಲಸ ಊರಿನವರದು.

ಮೊದಲು ಎಣಿಕೆ, ಆಮೇಲೆ ಅರ್ಜಿ

ನಾನು ಒಂದು ಪಾಳ್ಯದವರಿಗೆ ಬರೆದುಕೊಟ್ಟ ಮೊದಲ ಅರ್ಜಿ ಹಿಂದಕ್ಕೆ ಬಂದಿತು. ತಪ್ಪು ನನ್ನದೇ. “ಇಲ್ಲಿ ಬಹಳ ಮಕ್ಕಳಿದ್ದಾರೆ” ಎಂದು ಬರೆದಿದ್ದೆನೇ ಹೊರತು ಎಷ್ಟು ಮಕ್ಕಳೆಂದು ಬರೆದಿರಲಿಲ್ಲ. ಬೀಜ ಎಷ್ಟು ಬೇಕೆಂದು ಕೇಳಿದರೆ “ಬಹಳ” ಎನ್ನುವ ರೈತ ಉಂಟೆ? ಆದ್ದರಿಂದ ಈ ಕ್ರಮದಲ್ಲಿ ನಡೆಯಿರಿ.

1. ಮನೆಮನೆಗೆ ಹೋಗಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಇರಲಿ. ತಾಯಿ ಕಾರ್ಡು ಅಥವಾ ಜನನ ಪ್ರಮಾಣಪತ್ರ ನೋಡಿ ದಿನಾಂಕ ಬರೆಯಿರಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡರೆ ಯಾವ ಮಗುವೂ ತಪ್ಪದು. ಯಾವ ಕೇರಿಯನ್ನೂ ಬಿಡಬೇಡಿ.

2. ಈಗಿರುವ ಹತ್ತಿರದ ಅಂಗನವಾಡಿ ಎಷ್ಟು ದೂರ, ದಾರಿಯಲ್ಲಿ ಹಳ್ಳ, ಕಾಲುವೆ, ದೊಡ್ಡ ರಸ್ತೆ ಇದೆಯೆ ಎಂಬುದನ್ನು ಬರೆಯಿರಿ.

3. ವಾರ್ಡ್ ಸಭೆಯಲ್ಲಿಯೂ ಗ್ರಾಮಸಭೆಯಲ್ಲಿಯೂ ವಿಷಯವಿಟ್ಟು ನಿರ್ಣಯ ಮಾಡಿಸಿ. ತಾಯಂದಿರೇ ಎದ್ದು ಮಾತನಾಡಲಿ. ನಿರ್ಣಯವು ನಡವಳಿ ಪುಸ್ತಕದಲ್ಲಿ ದಾಖಲಾದುದನ್ನು ಕಣ್ಣಾರೆ ನೋಡಿ, ಅದರ ನಕಲು ಪಡೆಯಿರಿ.

4. ನೀರು, ಗಾಳಿ, ಬೆಳಕು ಇರುವ ಜಾಗವನ್ನು ಊರಿನವರೇ ಗೊತ್ತುಮಾಡಿ ಸೂಚಿಸಿದರೆ ಕೆಲಸ ಹಗುರವಾಗುವುದು.

5. ಅರ್ಜಿಯನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಬರೆಯಿರಿ. ಒಂದು ಪ್ರತಿಯನ್ನು ಪಂಚಾಯಿತಿಗೂ ಕೊಡಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ. ಮೂರು ತಿಂಗಳ ಲೆಕ್ಕಕ್ಕೆ ಆ ದಿನಾಂಕವೇ ಆಧಾರ.

ಅರ್ಜಿಯ ಒಕ್ಕಣೆ ಹೀಗಿರಲಿ: “ನಮ್ಮ ಪಾಳ್ಯದಲ್ಲಿ ಆರು ವರ್ಷದೊಳಗಿನ ಇಷ್ಟು ಮಕ್ಕಳಿದ್ದು, ಅಂಗನವಾಡಿ ಇರುವುದಿಲ್ಲ. ಸರ್ವೋಚ್ಚ ನ್ಯಾಯಾಲಯದ 13-12-2006ರ ಆದೇಶದಂತೆ ಅಂಗನವಾಡಿ ಕೇಂದ್ರವನ್ನು ಮಂಜೂರು ಮಾಡಬೇಕೆಂದು ಕೋರುತ್ತೇವೆ. ಮಕ್ಕಳ ಪಟ್ಟಿ ಮತ್ತು ಗ್ರಾಮಸಭೆಯ ನಿರ್ಣಯದ ನಕಲನ್ನು ಲಗತ್ತಿಸಿದೆ.” ಕೆಳಗೆ ತಂದೆ ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು.

ಶುಲ್ಕ ಎಷ್ಟು?

ಅಂಗನವಾಡಿಯಲ್ಲಿ ಮಗುವಿಗೆ ಶುಲ್ಕವಿಲ್ಲ. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಆಹಾರ ಉಚಿತವೆಂದು 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳುತ್ತದೆ. ಮಂಜೂರಾತಿಗೆಂದು ಊರಿನಲ್ಲಿ ವಂತಿಗೆ ಎತ್ತಿ ಯಾರ ಕೈಗೂ ಕೊಡಬೇಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಅದಕ್ಕೆ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು.

ಕೈಗೂಸಿನ ಮಾತು ಬೇರೆ

ಅಂಗನವಾಡಿಯಲ್ಲಿ ದಿನವೂ ಕೂರುವವರು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಕಾದದ್ದು ಶಿಶುಪಾಲನಾ ಕೇಂದ್ರ. ಕೇಂದ್ರ ಸರ್ಕಾರದ 2017ರ ಶಿಶುಪಾಲನಾ ಯೋಜನೆಯಲ್ಲಿ ಒಂದು ಕೇಂದ್ರಕ್ಕೆ 25 ಮಕ್ಕಳು, ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ಎಂದು ಗೊತ್ತುಮಾಡಲಾಗಿತ್ತು. ಅಲ್ಲಿ ಶುಲ್ಕವುಂಟು: ಬಡತನ ರೇಖೆಗಿಂತ ಕೆಳಗಿರುವವರಿಗೆ ಮಗುವೊಂದಕ್ಕೆ ತಿಂಗಳಿಗೆ 20 ರೂಪಾಯಿ, ತಂದೆ ತಾಯಿಯ ಒಟ್ಟು ವರಮಾನ ತಿಂಗಳಿಗೆ 12,000 ರೂಪಾಯಿವರೆಗೆ ಇದ್ದವರಿಗೆ 100, ಮೇಲ್ಪಟ್ಟವರಿಗೆ 200 ಎಂದಿತ್ತು. ಈ ಯೋಜನೆಗೆ 2022ರಲ್ಲಿ ‘ಪಾಲ್ನಾ’ ಎಂದು ಹೆಸರಾಯಿತು. ನಮ್ಮ ರಾಜ್ಯವು 2023-24ನೆಯ ಸಾಲಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ವಿಚಾರಿಸಿ. ಇಲ್ಲವಾದರೆ ಅದನ್ನೂ ಗ್ರಾಮಸಭೆಯಲ್ಲಿ ಕೇಳಿ.

ಕೂಟದಲ್ಲಿ ಚರ್ಚಿಸಿರಿ

1. ನಮ್ಮೂರಿನಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು? ಮೂರು ವರ್ಷದೊಳಗಿನವರೆಷ್ಟು?
2. ನಾಟಿಯ ದಿನಗಳಲ್ಲಿ ಅವರನ್ನು ನೋಡಿಕೊಳ್ಳುವವರು ಯಾರು?
3. ತಮ್ಮ ತಂಗಿಯರಿಗಾಗಿ ಶಾಲೆ ಬಿಡುತ್ತಿರುವ ಹುಡುಗಿಯರು ಎಷ್ಟು ಮಂದಿ?

ಈ ಮೂರಕ್ಕೂ ಉತ್ತರ ಬರೆದರೆ ಅರ್ಜಿಯ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ನನ್ನನ್ನು ಕರೆಯಿರಿ, ಬರುತ್ತೇನೆ.

— ಗ್ರಾಮಸೇವಕ